ಆರ್ಥೋ ಕಲಿಯಬೇಕಾ? ಪ್ಲಾಸ್ಟರ್ ರೂಮಿನಿಂದ ಶುರು ಮಾಡಿ

ಪ್ರತಿ ವರ್ಷ ಫೈನಲ್ ಇಯರ್ ಎಂಬಿಬಿಎಸ್‌ನ ಮೂರು ನಾಲ್ಕು ಮಕ್ಕಳು ನನ್ನ ಹತ್ತಿರ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ. "ಸರ್, ನನಗೆ ಆರ್ಥೋ ಅಂದ್ರೆ ಇಷ್ಟ. ಬೆಂಗಳೂರಲ್ಲಿ ಯಾವ ಆಸ್ಪತ್ರೆಗೆ ಹೋದ್ರೆ ಚೆನ್ನಾಗಿ ಕಲೀಬಹುದು?" ನಾನು ಕೋಲಾರದ ಕಡೆಯೇ ಓದಿದವನು. ಈಗ ಇಲ್ಲೇ ಆರ್ಥೋ, ಅಂದರೆ ಮೂಳೆ ಡಾಕ್ಟರ್. ಅವರಿಗೆ ಹೇಳುವುದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಥಿಯೇಟರಿನಲ್ಲಿ ವಿದ್ಯಾರ್ಥಿಗೆ ಸಿಗುವುದು ಸಾಮಾನ್ಯವಾಗಿ ಕೊನೆಯ ಸಾಲು. ಮುಂದೆ ಸರ್ಜನ್, ಪಕ್ಕದಲ್ಲಿ ಫೆಲೋ, ಹಿಂದೆ ಇಬ್ಬರು ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿಗಳು), ಅವರ ಹಿಂದೆ ನೀವು. ನಮ್ಮ ಜಿಲ್ಲೆಯಲ್ಲಿ ಹಾಗಲ್ಲ. ಮುರಿದ ಕೈಯನ್ನು ಹಿಡಿದುಕೊಳ್ಳಲು ಒಬ್ಬರು ಬೇಕೇ ಬೇಕು, ಆ ಒಬ್ಬರು ನೀವೇ ಆಗಬಹುದು. ಆರ್ಥೋ ಕಲಿಯುವುದು ಕಣ್ಣಿನಿಂದ ಕಮ್ಮಿ, ಕೈಯಿಂದ ಜಾಸ್ತಿ.

ಯಾವ ಯಾವ ಅವಕಾಶ ಇದೆ

ಮೊದಲನೆಯದು ನಿಮ್ಮ ಮಾಮೂಲಿ ಕ್ಲಿನಿಕಲ್ ಪೋಸ್ಟಿಂಗ್, ಅಂದರೆ ವಾರ್ಡು, ಓಪಿಡಿಯಲ್ಲಿ ಕಲಿಯುವ ಸರದಿ. ಇದನ್ನು ಎಲ್ಲರೂ ಹಾಜರಿ ಹಾಕಿ ಕಳೆಯುತ್ತಾರೆ. ಬೆಳಿಗ್ಗೆ ಒಂದು ಕೇಸ್ ಪ್ರೆಸೆಂಟ್ ಮಾಡಿ ಹನ್ನೆರಡಕ್ಕೆ ಕ್ಯಾಂಟೀನ್ ಸೇರುವ ಬದಲು ಒಂದು ಗಂಟೆ ಜಾಸ್ತಿ ನಿಲ್ಲಿ. ಓಪಿಡಿಯ ಪ್ಲಾಸ್ಟರ್ ಕೆಲಸ ಜೋರಾಗುವುದೇ ಆ ಹೊತ್ತಿಗೆ, ಬೆಳಿಗ್ಗೆ ಬರೆದುಕೊಟ್ಟ ಎಕ್ಸ್‌ರೇಗಳೆಲ್ಲ ಕೈಗೆ ಬಂದ ಮೇಲೆ.

ಎರಡನೆಯದು ಎಲೆಕ್ಟಿವ್, ಅಂದರೆ ನಿಮಗೆ ಬೇಕಾದ ವಿಭಾಗ ಆರಿಸಿಕೊಳ್ಳುವ ದಿನಗಳು. 2019ರಲ್ಲಿ ಬಂದ ಹೊಸ ಪಠ್ಯಕ್ರಮದಲ್ಲಿ ಇದು ಎರಡು ತಿಂಗಳಿತ್ತು. ಆಮೇಲೆ ಒಂದು ತಿಂಗಳಿಗೆ ಇಳಿದು, 15 ದಿನದ ಎರಡು ಬ್ಲಾಕ್ ಆಯಿತು. ಕ್ಲಿನಿಕಲ್ ಬ್ಲಾಕಿನಲ್ಲಿ ಆರ್ಥೋ ಕೇಳಬಹುದು. ಯಾವ ವಿಭಾಗಕ್ಕೆ ಎಷ್ಟು ಜನ, ಯಾರು ಗೈಡ್ ಅನ್ನುವುದನ್ನು ಕಾಲೇಜೇ ಮೊದಲು ನಿರ್ಧರಿಸಿರುತ್ತದೆ. ಹಾಗಾಗಿ ಪಟ್ಟಿ ನೋಟಿಸ್ ಬೋರ್ಡಿಗೆ ಬಂದ ಮೇಲೆ ಓಡಬೇಡಿ, ಎರಡು ಮೂರು ತಿಂಗಳು ಮೊದಲೇ ವಿಭಾಗದಲ್ಲಿ ವಿಚಾರಿಸಿ. ಎಲೆಕ್ಟಿವ್‌ಗೆ 75% ಹಾಜರಿ ಬೇಕು, ಲಾಗ್‌ಬುಕ್ ಬೇಕು. ಬೇರೆ ಪೋಸ್ಟಿಂಗಿನ ಹಾಜರಿ ಕೊರತೆ ತುಂಬಿಸಲು ಈ ದಿನಗಳನ್ನು ಬಳಸುವಂತಿಲ್ಲ ಎಂದು ನಿಯಮವೇ ಹೇಳುತ್ತದೆ.

ಮೂರನೆಯದು ಹೌಸ್ ಸರ್ಜನ್ಸಿ. 2021ರ ಇಂಟರ್ನ್‌ಶಿಪ್ ನಿಯಮದ ಪ್ರಕಾರ ಹನ್ನೆರಡು ತಿಂಗಳಲ್ಲಿ ಆರ್ಥೋಗೆ ಸಿಗುವುದು ಎರಡೇ ವಾರ, ಅದೂ ಪುನರ್ವಸತಿ ವಿಭಾಗವನ್ನು ಸೇರಿಸಿ. ಕ್ಯಾಶುವಾಲ್ಟಿಗೆ ಇನ್ನೆರಡು ವಾರ. ಆದರೆ ಕ್ಯಾಶುವಾಲ್ಟಿಗೆ ಬರುವ ಏಟಿನ ಕೇಸುಗಳಲ್ಲಿ ಬಹುಪಾಲು ಮೂಳೆಯದ್ದೇ. 

ಇನ್ನು ರಜೆಯಲ್ಲಿ ನಿಮ್ಮೂರಿನ ಆಸ್ಪತ್ರೆಗೆ ಹೋಗಿ ನಿಂತು ನೋಡುವುದು. ಇದಕ್ಕೆ ನಿಯಮ, ಹಾಜರಿ ಯಾವುದೂ ಇಲ್ಲ. ನಿಮ್ಮ ಆಸೆ ಮತ್ತು ಅಲ್ಲಿನ ಡಾಕ್ಟರ ಒಪ್ಪಿಗೆ, ಅಷ್ಟೇ.

ಎಲ್ಲಿ ಹೋಗಬೇಕು

ಕೋಲಾರದಲ್ಲಿ ಟಮಕದ ದೇವರಾಜ ಅರಸು ಮೆಡಿಕಲ್ ಕಾಲೇಜು, ಅದರ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ. ಊರೊಳಗೆ ಸರ್ಕಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ. ತುಮಕೂರಿನಲ್ಲಿ ಅಗಳಕೋಟೆಯ ಸಿದ್ಧಾರ್ಥ ಮೆಡಿಕಲ್ ಕಾಲೇಜು, ಶಿರಾ ರಸ್ತೆಯ ಶ್ರೀದೇವಿ ಕಾಲೇಜು, ಜೊತೆಗೆ ಜಿಲ್ಲಾಸ್ಪತ್ರೆ. ಚಿಕ್ಕಬಳ್ಳಾಪುರದ ಸರ್ಕಾರಿ ಮೆಡಿಕಲ್ ಕಾಲೇಜು ಇವೆಲ್ಲಕ್ಕಿಂತ ಹೊಸದು.

ಮೂರೂ ಊರು ಹೆದ್ದಾರಿಯ ಮೇಲಿವೆ. ಕೋಲಾರಕ್ಕೆ 75, ತುಮಕೂರಿಗೆ 48, ಚಿಕ್ಕಬಳ್ಳಾಪುರಕ್ಕೆ 44. ಹಾಗಾಗಿ ಅಪಘಾತದ ಕೇಸಿಗೆ ಎಲ್ಲೂ ಬರವಿಲ್ಲ, ಬೇಸರದ ಸಂಗತಿ ಆದರೂ ನಿಜ. ನನ್ನ ಸಲಹೆ ಇಷ್ಟು: ಪಿಜಿಗಳಿರುವ ಕಾಲೇಜಿನಲ್ಲಿ ಪಾಠ, ಕೇಸ್ ಚರ್ಚೆ ಚೆನ್ನಾಗಿ ಸಿಗುತ್ತದೆ. ಜಿಲ್ಲಾಸ್ಪತ್ರೆಯಲ್ಲಿ ಕೈಕೆಲಸ ಜಾಸ್ತಿ ಸಿಗುತ್ತದೆ. ಮೊದಲು ಕಾಲೇಜು, ರಜೆಯಲ್ಲಿ ಜಿಲ್ಲಾಸ್ಪತ್ರೆ, ಹೀಗೆ ಎರಡನ್ನೂ ನೋಡಿದರೆ ಒಳ್ಳೆಯದು.

ಕೇಳುವ ರೀತಿ

ಬೇರೆ ಆಸ್ಪತ್ರೆಗೆ ಹೋಗುವುದಾದರೆ ಮೊದಲು ನಿಮ್ಮ ಪ್ರಿನ್ಸಿಪಾಲರಿಂದ ಅನುಮತಿ ಪತ್ರ ಮತ್ತು ಬೊನಫೈಡ್ ತೆಗೆದುಕೊಳ್ಳಿ. ಕಾಲೇಜಾದರೆ ವಿಭಾಗದ ಮುಖ್ಯಸ್ಥರಿಗೆ, ಜಿಲ್ಲಾಸ್ಪತ್ರೆಯಾದರೆ ಜಿಲ್ಲಾ ಸರ್ಜನ್ ಅವರಿಗೆ ಒಂದು ಪುಟದ ಅರ್ಜಿ ಬರೆಯಿರಿ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಏನು ಕಲಿಯಬೇಕು, ರಾತ್ರಿ ಡ್ಯೂಟಿಗೂ ನಿಲ್ಲುತ್ತೀರಾ, ಇಷ್ಟು ಇರಲಿ. "ಆರ್ಥೋ ಬಗ್ಗೆ ಅಪಾರ ಆಸಕ್ತಿ ಇದೆ" ಎಂದು ಬರೆಯುವುದಕ್ಕಿಂತ "ಸ್ಲ್ಯಾಬ್ (ಒಂದು ಕಡೆ ಮಾತ್ರ ಇಡುವ ಪ್ಲಾಸ್ಟರ್ ಪಟ್ಟಿ) ಹಾಕುವುದನ್ನು, ಎಕ್ಸ್‌ರೇ ಓದುವುದನ್ನು ಕಲಿಯಬೇಕು" ಎಂದು ಬರೆದವರ ಅರ್ಜಿಗೆ ಬೇಗ ಉತ್ತರ ಸಿಗುತ್ತದೆ. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿದೆ ಎಂಬ ದಾಖಲೆ ಜೊತೆಗಿರಲಿ. ಆಗಿಲ್ಲದಿದ್ದರೆ ಈ ಲೇಖನ ಪಕ್ಕಕ್ಕಿಟ್ಟು ಮೊದಲು ಲಸಿಕೆ ಹಾಕಿಸಿಕೊಳ್ಳಿ. ನಾವು ಕೆಲಸ ಮಾಡುವುದು ಚೂಪಾದ ತಂತಿ, ಮುರಿದ ಮೂಳೆಯ ಮೊನೆಗಳ ನಡುವೆ.

ಅರ್ಜಿ ಕೊಟ್ಟು ಸುಮ್ನೆ ಕಾಯಬೇಡಿ. ಒಂದು ವಾರ ಬಿಟ್ಟು ಖುದ್ದಾಗಿ ಹೋಗಿ. ಓಪಿಡಿ ದಿನ ಹನ್ನೊಂದು ಗಂಟೆಗೆ ಹೋಗಬೇಡಿ, ಆಗ ಯಾರಿಗೂ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಮಧ್ಯಾಹ್ನ ಮೂರರ ಮೇಲೆ ಹೋಗಿ.

ಪ್ಲಾಸ್ಟರ್ ರೂಮ್

ಎಲ್ಲಕ್ಕಿಂತ ಜಾಸ್ತಿ ಹೊತ್ತು ಇಲ್ಲಿ ಕಳೆಯಿರಿ. ಬಿಳಿ ಪುಡಿ ಹರಡಿದ ನೆಲ, ಬಕೆಟ್, ಹತ್ತಿ ರೋಲು, ಗೋಡೆಗೆ ನೇತುಹಾಕಿದ ಕತ್ತರಿ. ಇಲ್ಲಿರುವ ಪ್ಲಾಸ್ಟರ್ ಟೆಕ್ನಿಷಿಯನ್ ಅಣ್ಣನಿಗೆ ಮೊದಲ ದಿನವೇ ನಮಸ್ಕಾರ ಹೇಳಿ. ನನಗೆ ಸ್ಲ್ಯಾಬ್ ಹಾಕಲು ಕಲಿಸಿದ್ದು ಯಾವ ಪ್ರೊಫೆಸರೂ ಅಲ್ಲ, ಅಂಥ ಒಬ್ಬ ಅಣ್ಣ.

ಮಣಿಕಟ್ಟಿನ ಮುರಿತಕ್ಕೆ ಮೊಣಕೈ ಕೆಳಗಿನ ಸ್ಲ್ಯಾಬ್ ಹಾಕುವುದನ್ನು ತೆಗೆದುಕೊಳ್ಳೋಣ. ಮೊದಲು ಉಂಗುರ, ಬಳೆ ತೆಗೆಸಿ. ಅಜ್ಜಿಯರು ಬಳೆ ತೆಗೆಯಲು ಒಪ್ಪುವುದಿಲ್ಲ. ಬೆರಳು ಊದಿಕೊಂಡ ಮೇಲೆ ಕತ್ತರಿಸಲೇಬೇಕಾಗುತ್ತದೆ ಎಂದು ಸಮಾಧಾನವಾಗಿ ಹೇಳಿ, ಕೈಗೆ ಸೋಪಿನ ನೀರು ಹಚ್ಚಿ ತೆಗೆಯಿರಿ. ಸ್ಲ್ಯಾಬಿನ ಅಳತೆಯನ್ನು ನೋವಿಲ್ಲದ ಕೈಯ ಮೇಲೆ ತೆಗೆದುಕೊಳ್ಳಿ. ಕೈಗಾದರೆ 8ರಿಂದ 10 ಪದರ, ದೊಡ್ಡವರ ಕಾಲಿಗಾದರೆ 12ರಿಂದ 16. ಹತ್ತಿಯನ್ನು ಅರ್ಧರ್ಧ ಮೇಲೆ ಬರುವಂತೆ ಸುತ್ತಿ, ಮೂಳೆ ಎದ್ದು ಕಾಣುವ ಕಡೆ ಇನ್ನೊಂದು ಸುತ್ತು ಹಾಕಿ.

ಈಗ ನೀರು. ಬಕೆಟ್ಟಿನ ಮಾಮೂಲಿ ತಣ್ಣೀರೇ ಸಾಕು. ಬೇಗ ಗಟ್ಟಿಯಾಗಲಿ ಎಂದು ಬಿಸಿನೀರು ಹಾಕುವವರನ್ನು ನೋಡಿದ್ದೇನೆ, ತಪ್ಪು. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ನೀರು ಕುಡಿದು ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ. ನೀರೂ ಬಿಸಿ, ಪದರವೂ ದಪ್ಪ, ಕೆಳಗೆ ದಿಂಬು ಬೇರೆ ಇದ್ದರೆ ಚರ್ಮ ಸುಡುತ್ತದೆ. ಸ್ಲ್ಯಾಬನ್ನು ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಲ್ಲುವವರೆಗೆ ಕಾಯಿರಿ. ಎರಡೂ ತುದಿ ಹಿಡಿದು ಎತ್ತಿ, ಮೆತ್ತಗೆ ಹಿಂಡಿ. ಬಟ್ಟೆ ಹಿಂಡುವ ಹಾಗೆ ತಿರುಚಿದರೆ ಪುಡಿಯೆಲ್ಲ ಬಕೆಟ್ಟಿಗೆ ಹೋಗುತ್ತದೆ.

ಕೈ ಮೇಲೆ ಇಟ್ಟ ಮೇಲೆ ಅಂಗೈಯಿಂದ ಸವರಿ. ಬೆರಳ ತುದಿಯಿಂದ ಒತ್ತಿದರೆ ಗುಳಿ ಬೀಳುತ್ತದೆ, ಒಳಗೆ ಆ ಗುಳಿಯೇ ಹುಣ್ಣಾಗುತ್ತದೆ. ಸ್ಲ್ಯಾಬ್ ಬೆರಳಿನ ಗೆಣ್ಣುಗಳ ಹಿಂದೆಯೇ ನಿಲ್ಲಬೇಕು. ರೋಗಿ ಮುಷ್ಟಿ ಕಟ್ಟಲು ಆಗುತ್ತದಾ ನೋಡಿ. ಆಗದಿದ್ದರೆ ಸ್ಲ್ಯಾಬ್ ಉದ್ದವಾಯಿತು, ಒದ್ದೆ ಇರುವಾಗಲೇ ಮಡಚಿ. ಹೊಸ ಏಟಿಗೆ ಸುತ್ತಲೂ ಮುಚ್ಚುವ ಕಾಸ್ಟ್ ಹಾಕದೆ ಸ್ಲ್ಯಾಬ್ ಹಾಕುವುದೇಕೆ ಗೊತ್ತಾ? ಊತಕ್ಕೆ ಜಾಗ ಬೇಕು.

ಆಮೇಲೆ ರೋಗಿಗೆ ಹೇಳುವ ಮಾತು. ಇದನ್ನು ಬಾಯಿಪಾಠ ಮಾಡಿಕೊಳ್ಳಿ: "ಕೈ ಎದೆಗಿಂತ ಎತ್ತರದಲ್ಲಿ ಇಟ್ಕೊಳ್ಳಿ. ಬೆರಳು ಆಡಿಸ್ತಾನೇ ಇರಿ. ನೆನೆಸಬೇಡಿ. ಕಡಿತ ಬಂದರೆ ಕಡ್ಡಿ ಹಾಕಿ ಕೆರೀಬೇಡಿ. ನೋವು ಜಾಸ್ತಿ ಆಗ್ತಾ ಹೋದ್ರೆ, ಬೆರಳು ಜೋಮು ಹಿಡಿದ್ರೆ, ನೀಲಿ ಅಥವಾ ಬಿಳಿಚಿಕೊಂಡ್ರೆ ಬೆಳಗಾಗೋವರೆಗೂ ಕಾಯ್ಬೇಡಿ, ರಾತ್ರಿನೇ ಬನ್ನಿ." ಜೊತೆಗೆ ಬಂದವರಿಗೂ ಹೇಳಿ. ಅವರ ಬಾಯಲ್ಲಿ ಒಂದು ಸಲ ತಿರುಗಿ ಹೇಳಿಸಿ.

ಬೆರಳು ಚಾಚಿಸಿ ನೋಡಿ

ಈ ಮಾತಿಗೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. ನಾನು ಹೌಸ್ ಸರ್ಜನ್ ಆಗಿದ್ದಾಗ, ಮಾವಿನ ಕಾಲದಲ್ಲಿ, ಎಂಟು ವರ್ಷದ ಹುಡುಗನೊಬ್ಬ ಮರದಿಂದ ಬಿದ್ದು ಬಂದ. ಬೆಳಿಗ್ಗೆ ಬಿದ್ದವನಿಗೆ ಮನೆಯವರು ಊರಲ್ಲೇ ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟು ಹಾಕಿಸಿದ್ದರು. ರಾತ್ರಿ ಅಳು ನಿಲ್ಲದೆ ಕರೆತಂದರು. ಮೊಣಕೈ ಮೇಲಿನ ಮೂಳೆ ಮುರಿದಿತ್ತು. ನಾನು ಕಟ್ಟು ಬಿಚ್ಚಿ ನಾಡಿ ಮುಟ್ಟಿ ನೋಡಿದೆ, ಸಿಕ್ಕಿತು. "ನಾಡಿ ಇದೆ" ಎಂದು ಬರೆದು ಬೇರೆ ರೋಗಿಯ ಹತ್ತಿರ ಹೋದೆ. ಸೀನಿಯರ್ ಬಂದವರು ನಾಡಿ ಮುಟ್ಟುವುದಕ್ಕೂ ಮೊದಲು ಆ ಮಗುವಿನ ಬೆರಳನ್ನು ಮೆಲ್ಲಗೆ ಚಾಚಿಸಿದರು. ಅವನು ಕಿರುಚಿದ ದನಿ ನನಗೆ ಇವತ್ತಿಗೂ ಕೇಳಿಸುತ್ತದೆ. ಮುಂಗೈಯ ಸ್ನಾಯುಗಳೊಳಗೆ ಒತ್ತಡ ಏರಿ ರಕ್ತ ಓಡಾಟ ನಿಲ್ಲುತ್ತಾ ಇತ್ತು. ಅದೇ ರಾತ್ರಿ ಥಿಯೇಟರಿನಲ್ಲಿ ಮುಂಗೈಯನ್ನು ಉದ್ದಕ್ಕೆ ಬಿಡಿಸಿ ಒತ್ತಡ ಇಳಿಸಿದರು. ಕೈ ಉಳಿಯಿತು. ಆದರೆ ಬೆರಳು ಮೊದಲಿನ ಹಾಗೆ ಪೂರ್ತಿ ಚಾಚಲು ಬರಲಿಲ್ಲ.

ಇದಕ್ಕೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎನ್ನುತ್ತಾರೆ. ಇದರಲ್ಲಿ ನಾಡಿ ಹೋಗುವುದು ಕೊನೆಯಲ್ಲಿ. ಏಟಿಗೆ ಮೀರಿದ ನೋವು, ಬೆರಳು ಚಾಚಿಸಿದರೆ ಏರುವ ನೋವು, ಇವು ಮೊದಲು ಬರುತ್ತವೆ. ಪುಸ್ತಕದಲ್ಲಿ ಓದಿದ್ದೆ. ಕೈಗೆ ಇಳಿದಿರಲಿಲ್ಲ.

ಇನ್ನೊಂದು ಮಾತು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮೂಳೆ ಮುರಿದರೆ ಆಂಧ್ರದ ಪುತ್ತೂರು ಕಟ್ಟಿಗೆ ಹೋಗಿಬರುವುದು ಹಳೆಯ ರೂಢಿ. ಊರೂರಲ್ಲೂ ನಾಟಿ ಕಟ್ಟು ಹಾಕುವವರಿದ್ದಾರೆ. ರೋಗಿಯನ್ನು ಇದಕ್ಕಾಗಿ ಬೈಯಬೇಡಿ. ಬೈದರೆ ಮುಂದಿನ ಸಲ ಸುಳ್ಳು ಹೇಳುತ್ತಾರೆ, ಇಲ್ಲವೇ ಬರುವುದನ್ನೇ ಬಿಡುತ್ತಾರೆ. "ಕಟ್ಟು ಯಾವಾಗ ಹಾಕಿಸಿದ್ರಿ, ಎಷ್ಟು ಸಲ ಬಿಚ್ಚಿ ಕಟ್ಟಿದ್ರು, ಎಣ್ಣೆ ಹಾಕಿ ತಿಕ್ಕಿದ್ರಾ?" ಎಂದು ಕೇಳಿ ಬರೆದುಕೊಳ್ಳಿ. ಚಿಕಿತ್ಸೆಗೆ ಬೇಕಾದ ಮಾಹಿತಿ ಅದು.

ಭಾಷೆಯೂ ಬೇಕು. ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆಯ ಎಷ್ಟೋ ಹಿರಿಯರಿಗೆ ತೆಲುಗು ಸಲೀಸು. "ಎಪ್ಪುಡು ಪಡ್ಡಾರು? ಎಕ್ಕಡ ನೊಪ್ಪಿ? ವೇಳ್ಳು ಆಡಿಂಚಂಡಿ" (ಯಾವಾಗ ಬಿದ್ರಿ? ಎಲ್ಲಿ ನೋವು? ಬೆರಳು ಆಡಿಸಿ) ಅಂದರೆ ಅರ್ಧ ನೋವು ಅಲ್ಲೇ ಇಳಿದವರಂತೆ ಮಾತಿಗಿಳಿಯುತ್ತಾರೆ. ಕನ್ನಡದಲ್ಲೂ ಅವರ ಮಾತಿಗೆ ಕಿವಿ ಕೊಡಿ. "ಸೊಂಟ ಹಿಡ್ಕೊಂಡಿದೆ" ಬೇರೆ, "ಕಾಲು ಜೋಮು ಹಿಡಿಯುತ್ತೆ" ಬೇರೆ. "ನಡೆದ್ರೆ ಸೆಳೆತ, ಕೂತ್ರೆ ಕಮ್ಮಿ" ಎಂದರೆ ಬೆನ್ನುಹುರಿಯ ದಾರಿ ಕಿರಿದಾಗಿದೆಯಾ ಎಂದು ಯೋಚಿಸಿ.

ನಮ್ಮ ಮಣ್ಣಿನ ಕೇಸುಗಳು

ತುಮಕೂರಿನ ಕಡೆ ತೆಂಗಿನ ಮರ, ಹುಣಸೆ ಮರದಿಂದ ಬಿದ್ದವರು ಬರುತ್ತಾರೆ. ಎತ್ತರದಿಂದ ಕಾಲೂರಿ ಬಿದ್ದವರ ಹಿಮ್ಮಡಿ ಮುರಿದಿದ್ದರೆ ಅಷ್ಟಕ್ಕೇ ನಿಲ್ಲಬೇಡಿ. ಇನ್ನೊಂದು ಹಿಮ್ಮಡಿ, ಮಂಡಿ, ಸೊಂಟ, ಬೆನ್ನುಮೂಳೆ ಎಲ್ಲ ನೋಡಿ. ಹಿಮ್ಮಡಿ ನೋವಿನ ಮುಂದೆ ಬೆನ್ನಿನ ನೋವು ಅವರಿಗೇ ಗೊತ್ತಾಗಿರುವುದಿಲ್ಲ.

ಇನ್ನೊಂದು ಫ್ಲೋರೈಡ್. ಪಾವಗಡ, ಮಧುಗಿರಿ, ಶಿರಾ, ಬಾಗೇಪಲ್ಲಿ, ಕೋಲಾರದ ಎಷ್ಟೋ ಹಳ್ಳಿಗಳ ಆಳದ ಬೋರ್‌ವೆಲ್ ನೀರಿನಲ್ಲಿ ಇದು ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ವರ್ಷಾನುಗಟ್ಟಲೆ ದಾಟಿದ ನೀರು ಕುಡಿದವರ ಮೂಳೆ ದಪ್ಪವಾಗಿ, ಕೀಲು ಬಿಗಿದುಕೊಳ್ಳುತ್ತದೆ. "ವಾಯು" ಎಂದು ಹೇಳಿಕೊಂಡು ಬರುವ ಐವತ್ತರ ರೈತನಿಗೆ ಮೂರು ಕೆಲಸ ಹೇಳಿ. ಮಂಡಿ ಬಗ್ಗಿಸದೆ ನೆಲದ ಮೇಲಿನ ನಾಣ್ಯ ಮುಟ್ಟಿ. ಗದ್ದವನ್ನು ಎದೆಗೆ ತಾಗಿಸಿ. ಎರಡೂ ಕೈಯನ್ನು ತಲೆಯ ಹಿಂದೆ ಇಟ್ಟುಕೊಳ್ಳಿ. ಮೂರೂ ಆಗದಿದ್ದರೆ ಹಲ್ಲು ನೋಡಿ, ಯಾವ ಊರು, ಯಾವ ನೀರು ಕೇಳಿ, ಮುಂಗೈಯ ಎಕ್ಸ್‌ರೇ ತೆಗೆಸಲು ನಿಮ್ಮ ಸರ್‌ಗೆ ಹೇಳಿ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣ ಕಟ್ಟಿ ಮುಳ್ಳು ಮುಳ್ಳಾಗಿ ಕಾಣುತ್ತದೆ. ಇದನ್ನು ಕಣ್ಣಾರೆ ನೋಡಲು ಬೇರೆ ಊರಿನ ವಿದ್ಯಾರ್ಥಿಗಳು ಪುಸ್ತಕದ ಚಿತ್ರ ಹುಡುಕಬೇಕು. ನಿಮಗೆ ಓಪಿಡಿಯಲ್ಲೇ ಸಿಗುತ್ತದೆ. ಸಂಶೋಧನೆ ಮಾಡುವ ಆಸೆಯಿದ್ದರೆ ಐಸಿಎಂಆರ್‌ನ ಎರಡು ತಿಂಗಳ ಎಸ್‌ಟಿಎಸ್ (ವಿದ್ಯಾರ್ಥಿಗಳ ಸಂಶೋಧನಾ) ಯೋಜನೆಗೆ ಇದಕ್ಕಿಂತ ಒಳ್ಳೆ ವಿಷಯ ಯಾಕೆ ಬೇಕು, ಅಲ್ವಾ?

ಹುಟ್ಟುವಾಗಲೇ ಪಾದ ತಿರುಚಿಕೊಂಡ ಮಕ್ಕಳಿಗೆ ವಾರಕ್ಕೊಮ್ಮೆ ಪ್ಲಾಸ್ಟರ್ ಹಾಕುವ ದಿನ ಯಾವುದು ಎಂದು ಕೇಳಿಟ್ಟುಕೊಳ್ಳಿ. ಪೊನ್ಸೆಟಿ ವಿಧಾನದಲ್ಲಿ ಸಾಮಾನ್ಯವಾಗಿ ಐದಾರು ಪ್ಲಾಸ್ಟರಿಗೆ ಪಾದ ನೇರವಾಗುತ್ತಾ ಬರುತ್ತದೆ. ಸತತ ಐದು ವಾರ ಒಂದೇ ಮಗುವಿನ ಪಾದ ಹಿಡಿದುಕೊಳ್ಳಿ. ಕೈಗೆ ಅರ್ಥವಾಗುವುದು ಹಾಗೆಯೇ.

ರಾತ್ರಿ ಕ್ಯಾಶುವಾಲ್ಟಿ

ಮೂಳೆ ಮುರಿದಿರುವುದು ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಅದಕ್ಕೇ ಎಲ್ಲರೂ ಮೊದಲು ಅಲ್ಲಿಗೇ ಹೋಗುತ್ತಾರೆ. ನೀವು ಹೋಗಬೇಡಿ. ಉಸಿರಿನ ದಾರಿ, ಉಸಿರಾಟ, ರಕ್ತದೊತ್ತಡ, ಆಮೇಲೆ ಮೂಳೆ. ತೊಡೆ ಮೂಳೆ ಮುರಿದರೆ ಹೊರಗೆ ಒಂದು ಹನಿ ಕಾಣದೆ ಒಳಗೇ ಒಂದರಿಂದ ಒಂದೂವರೆ ಲೀಟರ್ ರಕ್ತ ಹೋಗಬಹುದು. ಸೊಂಟದ ಮೂಳೆಗಳ ಉಂಗುರ ಮುರಿದರೆ ಇನ್ನೂ ಜಾಸ್ತಿ.

ಗಾಯವಾಗಿ ಮೂಳೆ ಕಾಣುತ್ತಿದ್ದರೆ ಮಣ್ಣು, ಕಸ ತೆಗೆದು, ಸಲೈನಿನಲ್ಲಿ ನೆನೆಸಿದ ಗಾಜ್ ಮುಚ್ಚಿ ಕಟ್ಟಿ. ಬಂದವರೆಲ್ಲ ಬಿಚ್ಚಿ ಬಿಚ್ಚಿ ನೋಡಲು ಬಿಡಬೇಡಿ. ಆಂಟಿಬಯಾಟಿಕ್ ಆದಷ್ಟು ಬೇಗ ಹೋಗಬೇಕು, ಟೆಟನಸ್ ಇಂಜೆಕ್ಷನ್ ಮರೆಯಬಾರದು. ಗಾಯವನ್ನು ಗಸ್ಟಿಲೊ ಮತ್ತು ಆಂಡರ್ಸನ್ 1976ರಲ್ಲಿ ಹೇಳಿದ ರೀತಿ ದರ್ಜೆ ಮಾಡಿ ಬರೆಯಲು ಕಲಿಯಿರಿ. ಆದರೆ ನಿಜವಾದ ದರ್ಜೆ ಗೊತ್ತಾಗುವುದು ಥಿಯೇಟರಿನಲ್ಲಿ ಗಾಯ ತೊಳೆದ ಮೇಲೆ.

ಎಕ್ಸ್‌ರೇ ನೋಡುವಾಗ ಎರಡರ ಲೆಕ್ಕ ಇಟ್ಟುಕೊಳ್ಳಿ: ಎರಡು ದಿಕ್ಕಿನಿಂದ, ಮೇಲಿನ ಕೆಳಗಿನ ಎರಡೂ ಕೀಲು ಸೇರಿಸಿ, ಮಕ್ಕಳಾದರೆ ಎರಡೂ ಕೈ, ಅನುಮಾನ ಉಳಿದರೆ ಎರಡನೇ ಸಲ.

ಅಪಘಾತದ ಕೇಸೆಲ್ಲ ಎಂಎಲ್‌ಸಿ, ಅಂದರೆ ಪೊಲೀಸು, ಕೋರ್ಟಿಗೆ ಸಂಬಂಧಿಸಿದ ಕೇಸು. ಹೌಸ್ ಸರ್ಜನ್ ಆದರೂ ಆ ದಾಖಲೆಗೆ, ಸರ್ಟಿಫಿಕೇಟಿಗೆ ನೀವೊಬ್ಬರೇ ಸಹಿ ಹಾಕುವಂತಿಲ್ಲ. ಮಧ್ಯರಾತ್ರಿ ಯಾರು ಎಷ್ಟೇ ಅವಸರ ಮಾಡಿದರೂ ಡ್ಯೂಟಿ ಡಾಕ್ಟರನ್ನು ಎಬ್ಬಿಸಿ. ಎಕ್ಸ್‌ರೇ ಫೋಟೋವನ್ನು ಹೆಸರು ಕಾಣುವ ಹಾಗೆ ವಾಟ್ಸ್ಯಾಪ್ ಗುಂಪಿಗೆ ಹಾಕಬೇಡಿ.

ಥಿಯೇಟರ್

ಹಿಂದಿನ ಸಂಜೆಯೇ ಲಿಸ್ಟ್ ನೋಡಿ, ಒಂದು ಕೇಸ್ ಆರಿಸಿಕೊಂಡು ಓದಿ. ಯಾವ ಕಡೆಯಿಂದ ಬಿಡಿಸುತ್ತಾರೆ, ದಾರಿಯಲ್ಲಿ ಯಾವ ನರ ಸಿಗುತ್ತದೆ, ಇಷ್ಟು ಸಾಕು. ರೋಗಿಯನ್ನು ವಾರ್ಡಿನಲ್ಲಿ ಹೋಗಿ ನೋಡಿ ಬನ್ನಿ. ತೋಳಿನ ಮೂಳೆಗೆ ಪ್ಲೇಟ್ ಹಾಕುವುದಿದ್ದರೆ, ಅಲ್ಲಿನ ನರ ಸರಿಯಿದೆಯಾ ತಿಳಿಯಲು, ರೋಗಿಗೆ ಮಣಿಕಟ್ಟು ಮೇಲಕ್ಕೆತ್ತಲು ಆಗುತ್ತದಾ ಎಂದು ಆಪರೇಷನ್ನಿಗೆ ಮೊದಲೂ ನೋಡಿ, ಆಮೇಲೂ ನೋಡಿ.

ಹಸಿರು ಬಟ್ಟೆ ಹೊದಿಸಿದ್ದರಿಂದ ಒಂದು ಮೊಳ ದೂರ ಇರಿ. ತಾಗಿದರೆ ತಕ್ಷಣ ಸಿಸ್ಟರ್‌ಗೆ ಹೇಳಿ. ಬೈಗುಳ ಬೀಳಬಹುದು, ಆದರೆ ಮುಚ್ಚಿಟ್ಟರೆ ಆ ರೋಗಿಗೆ ಸೋಂಕು. ಸಿ-ಆರ್ಮ್ (ಆಪರೇಷನ್ ನಡುವೆ ಎಕ್ಸ್‌ರೇ ತೋರಿಸುವ ಯಂತ್ರ) ಓಡುವಾಗ ಸೀಸದ ಏಪ್ರನ್ ಇಲ್ಲದೆ ಒಳಗಿರಬೇಡಿ. ಏಪ್ರನ್ ಸಾಲದಿದ್ದರೆ ಹೊರಗೆ ಬನ್ನಿ, ಯಾರೂ ತಪ್ಪು ತಿಳಿಯುವುದಿಲ್ಲ. ದೂರ ಎರಡರಷ್ಟಾದರೆ ವಿಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ, ಎರಡು ಹೆಜ್ಜೆ ಹಿಂದೆ ಸರಿಯುವುದಕ್ಕೆ ಅಷ್ಟು ಬೆಲೆಯಿದೆ.

ಹುಡುಗಿಯರಿಗೆ ಒಂದು ಮಾತು. ಆರ್ಥೋಗೆ ತೋಳ್ಬಲ ಬೇಕು, ನಿಮಗಾಗಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಜರುಗಿದ ಭುಜ ಕೂರಿಸುವುದಕ್ಕೆ ಬೇಕಾದದ್ದು ನಿಧಾನ, ರೋಗಿಯ ಸ್ನಾಯು ಸಡಿಲವಾಗುವವರೆಗೆ ಕಾಯುವ ತಾಳ್ಮೆ. ಬಲ ಹಾಕಿ ಎಳೆದವರೇ ಮೂಳೆ ಮುರಿಯುವುದು.

ನೋಟ್‌ಬುಕ್

ಲಾಗ್‌ಬುಕ್ ಕಾಲೇಜಿಗೆ. ನಿಮಗಾಗಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ಹೆಸರು ಬೇಡ. ವಯಸ್ಸು, ಹೇಗೆ ಬಿದ್ದರು, ಎಕ್ಸ್‌ರೇಯ ಒಂದು ಗೀಚು ಚಿತ್ರ, ಏನು ಮಾಡಿದರು, ನಾನಾಗಿದ್ದರೆ ಏನು ಮಾಡುತ್ತಿದ್ದೆ. ಪೋಸ್ಟಿಂಗ್ ಮುಗಿಯುವ ಎರಡು ದಿನ ಮೊದಲು ಇದನ್ನು ನಿಮ್ಮ ಗೈಡ್‌ಗೆ ತೋರಿಸಿ, ಆಗ ಶಿಫಾರಸು ಪತ್ರ ಕೇಳಿ. ಆರು ತಿಂಗಳು ಬಿಟ್ಟು ಕೇಳಿದರೆ ಅವರಿಗೆ ನಿಮ್ಮ ಮುಖ ನೆನಪಿದ್ದರೂ ಕೆಲಸ ನೆನಪಿರುವುದಿಲ್ಲ.

ನೀವು ಹಿಡಿದುಕೊಂಡು ಸ್ಲ್ಯಾಬ್ ಹಾಕಿದ ಒಬ್ಬ ರೋಗಿ ಪ್ಲಾಸ್ಟರ್ ಬಿಚ್ಚಿಸಲು ಬರುವ ತಾರೀಖನ್ನು ಆ ನೋಟ್‌ಬುಕ್ಕಿನ ಮೇಲೇ ಬರೆದಿಡಿ. ಅವತ್ತು ನಿಮ್ಮ ಪೋಸ್ಟಿಂಗ್ ಬೇರೆ ಕಡೆ ಇರುತ್ತದೆ. ಕೇಳಿಕೊಂಡು ಬನ್ನಿ. ಪ್ಲಾಸ್ಟರ್ ಬಿಚ್ಚಿದಾಗ ಕೈ ಬಡಕಲಾಗಿರುತ್ತದೆ, ಚರ್ಮ ಸಿಪ್ಪೆ ಏಳುತ್ತಿರುತ್ತದೆ, ಮಣಿಕಟ್ಟು ಬಗ್ಗುವುದಿಲ್ಲ. ಅಜ್ಜಿ ಗಾಬರಿಯಿಂದ ನಿಮ್ಮ ಮುಖ ನೋಡುತ್ತಾರೆ. ಪಕ್ಕ ಕೂತು, ಎರಡೂ ಅಂಗೈ ಜೋಡಿಸಿ ನಮಸ್ಕಾರ ಮಾಡುವ ಹಾಗೆ ಹಿಡಿದು, ಮೊಣಕೈಯನ್ನು ಮೆಲ್ಲಗೆ ಮೇಲೆತ್ತಿ ತೋರಿಸಿ. ದಿನಕ್ಕೆ ಎಷ್ಟು ಸಲ ಮಾಡಬೇಕು ಎಂದು ಚೀಟಿಯಲ್ಲಿ ಬರೆದುಕೊಡಿ.